ಎಸೆಯುವುದು, ಹಿಡಿಯುವುದು, ನೆಗೆಯುವುದು: ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇದನ್ನೂ ಕಲಿಸಬೇಕು

ಆಗಸ್ಟ್ ತಿಂಗಳು ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಪ್ರಾಥಮಿಕ ಶಾಲೆಗಳಲ್ಲಿ ಕ್ರೀಡಾಕೂಟದ ಗಡಿಬಿಡಿ ಶುರುವಾಗುತ್ತದೆ. ಮೈದಾನಕ್ಕೆ ಸುಣ್ಣದ ಗೆರೆ ಬೀಳುತ್ತದೆ, ಖೋ-ಖೋ ಕಂಬಗಳು ನಿಲ್ಲುತ್ತವೆ, ಚೆನ್ನಾಗಿ ಓಡುವ ಹತ್ತಿಪ್ಪತ್ತು ಮಕ್ಕಳನ್ನು ಆರಿಸಿ ಬೆಳಿಗ್ಗೆ ಸಂಜೆ ತಾಲೀಮು ಮಾಡಿಸುತ್ತಾರೆ. ಕೆಳಹಂತದ ಕೂಟದಲ್ಲಿ ಗೆದ್ದವರು ತಾಲ್ಲೂಕಿಗೆ ಹೋಗುತ್ತಾರೆ, ಅಲ್ಲಿ ಗೆದ್ದವರು ಜಿಲ್ಲೆಗೆ. ಗೆದ್ದ ಮಕ್ಕಳ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ನಮ್ಮ ಸಮಾಜದ ಮಗುವಾದರೆ ಇಲ್ಲಿಯೂ ಬರುತ್ತದೆ. ಸಂತೋಷದ ವಿಷಯವೇ. ಆದರೆ ಈ ಲೇಖನ ಆರಿಸಿದ ಆ ಹತ್ತಿಪ್ಪತ್ತು ಮಕ್ಕಳ ಬಗ್ಗೆ ಅಲ್ಲ, ಗೆರೆಯ ಆಚೆ ಕುಳಿತು ಚಪ್ಪಾಳೆ ತಟ್ಟುವ ಉಳಿದ ಮಕ್ಕಳ ಬಗ್ಗೆ.

ಅಕ್ಷರ ತಾನಾಗಿ ಬರುವುದಿಲ್ಲ, ತಿದ್ದಿಸಬೇಕು ಎಂಬುದನ್ನು ನಾವೆಲ್ಲ ಒಪ್ಪುತ್ತೇವೆ. ಚೆಂಡು ಎಸೆಯುವುದು ಮಾತ್ರ ಮಕ್ಕಳಿಗೆ ತಾನಾಗಿ ಬರುತ್ತದೆ ಎಂದುಕೊಂಡಿದ್ದೇವೆ. ಅದೂ ಬರುವುದಿಲ್ಲ. ವಯಸ್ಸಾದಂತೆ ಮೈ ಬೆಳೆಯುತ್ತದೆ, ಬಲ ಕೂಡುತ್ತದೆ. ಆದರೆ ಸರಿಯಾಗಿ ಎಸೆಯುವ, ಹಿಡಿಯುವ, ನೆಗೆದು ಇಳಿಯುವ ರೀತಿಯನ್ನು ಮಗು ನೋಡಬೇಕು, ಮಾಡಬೇಕು, ಬಲ್ಲವರಿಂದ ತಿದ್ದಿಸಿಕೊಳ್ಳಬೇಕು. ಅದಕ್ಕೆ ತಕ್ಕ ವಯಸ್ಸು ಆರರಿಂದ ಹತ್ತು, ಅಂದರೆ ಒಂದರಿಂದ ಐದನೇ ತರಗತಿ. ಅದೇ ತರಗತಿಗಳಲ್ಲಿ ಇದನ್ನು ಕಲಿಸುವ ಶಿಕ್ಷಕರು ಇಲ್ಲ ಎಂಬುದೇ ತೊಡಕು.

ಡ್ರಿಲ್ ಮೇಷ್ಟ್ರ ಕಾಲದಿಂದ

ಈ ಐದು ತಾಲ್ಲೂಕುಗಳು ಈಗ ವಿಜಯನಗರ ಜಿಲ್ಲೆಯಲ್ಲಿವೆ. ಬಳ್ಳಾರಿಯಿಂದ ಬೇರ್ಪಟ್ಟು 2021ರಲ್ಲಿ ಹುಟ್ಟಿದ ಈ ಜಿಲ್ಲೆಗೆ ಹೊಸಪೇಟೆ ಕೇಂದ್ರ. ಹರಪನಹಳ್ಳಿ 1997ರಿಂದ ಎರಡು ದಶಕ ದಾವಣಗೆರೆ ಜಿಲ್ಲೆಯಲ್ಲಿದ್ದು ಮರಳಿ ಬಂದಿದೆ. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾದ ಹೊಸ ತಾಲ್ಲೂಕು. ಕೋಗಳಿಯ ಬಸದಿ ನೋಡಲು ಹೋದವರಿಗೆ ಹಗರಿಬೊಮ್ಮನಹಳ್ಳಿಯ ದಾರಿ ಪರಿಚಿತವೇ. ಇನ್ನೂ ಹಿಂದೆ ಹೋದರೆ, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ನೆಲ ಮದ್ರಾಸಿನ ಆಡಳಿತದಲ್ಲಿತ್ತು.

ದೇಶದ ಮೊದಲ ದೈಹಿಕ ಶಿಕ್ಷಣ ಕಾಲೇಜು ಹುಟ್ಟಿದ್ದೂ ಅದೇ ಮದ್ರಾಸಿನಲ್ಲಿ. ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು 1920ರಲ್ಲಿ ವೈ.ಎಂ.ಸಿ.ಎ. ಆಶ್ರಯದಲ್ಲಿ ಅದನ್ನು ಆರಂಭಿಸಿದರು. ಅಲ್ಲಿಯವರೆಗೆ ಶಾಲೆಗಳಲ್ಲಿ ಇದ್ದದ್ದು ಡ್ರಿಲ್. ಸೈನ್ಯದಿಂದ ನಿವೃತ್ತರಾದವರು ಬಂದು ಸಾಲು ನಿಲ್ಲಿಸಿ ಕೈಕಾಲು ಆಡಿಸುತ್ತಿದ್ದರು. ಹಳ್ಳಿಗಳಲ್ಲಿ ದೈಹಿಕ ಶಿಕ್ಷಕರನ್ನು ‘ಡ್ರಿಲ್ ಮೇಷ್ಟ್ರು’ ಎಂದು ಕರೆಯುವ ರೂಢಿ ಆ ಕಾಲದ್ದು.

ಆ ಕಾಲೇಜು ಬಂದು ನೂರು ವರ್ಷ ಕಳೆದರೂ ಡ್ರಿಲ್ಲಿನ ನೆರಳು ಪೂರ್ತಿ ಹೋಗಿಲ್ಲ. ಶನಿವಾರ ಬೆಳಗಿನ ಶಾಲೆಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ‘ಸಾವಧಾನ್, ವಿಶ್ರಾಮ್’ ಹೇಳಿಸಿ, ಒಂದು ಎರಡು ಮೂರು ನಾಲ್ಕು ಎಣಿಸುತ್ತ ಸಾಮೂಹಿಕ ಕವಾಯತು ಮಾಡಿಸುತ್ತಾರೆ. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆಜ್ಞೆ ಕೇಳಿ ನಡೆಯುವುದು, ಸಾಲು ಕೆಡಿಸದಿರುವುದು, ನೆಟ್ಟಗೆ ನಿಲ್ಲುವುದು ಅದರಿಂದ ಬರುತ್ತದೆ. ಆದರೆ ವರ್ಷವೆಲ್ಲ ಕವಾಯತು ಮಾಡಿದ ಮಗುವಿಗೆ ಚೆಂಡು ಹಿಡಿಯಲು ಬರುವುದಿಲ್ಲ. ಉಳಿದ ದಿನ ಪಿ.ಟಿ. ಪೀರಿಯಡ್ ಎಂದರೆ ‘ಹೋಗಿ ಆಡಿಕೊಳ್ಳಿ’. ಆಡಲು ಬರುವವರು ಆಡುತ್ತಾರೆ, ಬಾರದವರು ಬೇವಿನ ಮರದ ಕೆಳಗೆ ಕೂರುತ್ತಾರೆ. ಅಲ್ಲಿ ಕೂತವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಎಂಬುದನ್ನು ಯಾವ ಶಾಲೆಯಲ್ಲಾದರೂ ಐದು ನಿಮಿಷ ನಿಂತು ನೋಡಿದರೆ ತಿಳಿಯುತ್ತದೆ.

ಶಿಕ್ಷಕರು ಎಲ್ಲಿದ್ದಾರೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು, ಪ್ರತಿ ತರಗತಿಗೂ ಬೇಕಾದ ಆಟದ ಸಾಮಗ್ರಿ ಕೊಡಬೇಕು. ಕಲಿಸುವವರ ವಿಷಯಕ್ಕೆ ಬಂದಾಗ ಅದೇ ಅನುಸೂಚಿ ಬೇರೆ ಮಾತಾಡುತ್ತದೆ. ಆರರಿಂದ ಎಂಟನೇ ತರಗತಿಗೆ, ಅದೂ ದಾಖಲಾತಿ 100 ಮೀರಿದ್ದರೆ, ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವ ಇವುಗಳಿಗೆ ಅರೆಕಾಲಿಕ ಬೋಧಕರು ಎಂದಿದೆ. ಒಂದರಿಂದ ಐದನೇ ತರಗತಿಗೆ ಅಂಥ ಮಾತೇ ಇಲ್ಲ. ಅಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅಷ್ಟೆ. ಐದು ತಾಲ್ಲೂಕುಗಳ ಹಳ್ಳಿ, ತಾಂಡಾಗಳಲ್ಲಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ, ಗಣಿತ, ಬಿಸಿಯೂಟ, ದಾಖಲೆ ಪುಸ್ತಕ ಎಲ್ಲವನ್ನೂ ಈ ಇಬ್ಬರೇ ನೋಡಬೇಕು.

ಇರುವ ದೈಹಿಕ ಶಿಕ್ಷಣ ಶಿಕ್ಷಕರೂ ಸಮಾಧಾನದಲ್ಲಿಲ್ಲ. ತಮ್ಮನ್ನು ಸಹ ಶಿಕ್ಷಕರೆಂದು ಪರಿಗಣಿಸಬೇಕು, ಪ್ರೊ. ಎಲ್.ಆರ್. ವೈದ್ಯನಾಥನ್ ವರದಿಯನ್ನು ಜಾರಿ ಮಾಡಬೇಕು ಎಂಬ ಅವರ ಬೇಡಿಕೆ ಬಹು ವರ್ಷಗಳದ್ದು. ಕೇಂದ್ರದ ಮಟ್ಟದಲ್ಲಿ ಸ್ವಲ್ಪ ಬದಲಾವಣೆ ಕಾಣುತ್ತಿದೆ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ದೈಹಿಕ ಶಿಕ್ಷಣವನ್ನು ಉಳಿದ ವಿಷಯಗಳ ಸಾಲಿಗೆ ತಂದ ಮೇಲೆ, ಎನ್.ಸಿ.ಇ.ಆರ್.ಟಿ. ಮೂರನೇ ತರಗತಿಗೇ ‘ಖೇಲ್ ಯೋಗ’ ಎಂಬ ಪುಸ್ತಕ ಹೊರಡಿಸಿದೆ.

ಇದೇ ಸೀಮೆಯ ಇನ್ನೊಂದು ಮುಖವೂ ಇದೆ. ಬಳ್ಳಾರಿ ಕಡೆಗೆ ಹೋಗುವ ದಾರಿಯ ತೋರಣಗಲ್ಲಿನಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ನಡೆಯುತ್ತಿದೆ. ಒಲಿಂಪಿಕ್ಸ್ ಮಟ್ಟದ ಕ್ರೀಡಾಪಟುಗಳನ್ನು ತಯಾರು ಮಾಡುವ ಖಾಸಗಿ ಸಂಸ್ಥೆ ಅದು. ದೇಶದ ಮೂಲೆಮೂಲೆಯಿಂದ ಆರಿಸಿದ ಮಕ್ಕಳು ಅಲ್ಲಿಗೆ ಬರುತ್ತಾರೆ. ಅದು ಆಗಲೇ ಓಡಲು, ಎಸೆಯಲು ಬಲ್ಲವರಿಗೆ. ಏಳು ವರ್ಷದ ಮಗುವಿಗೆ ಒಂಟಿ ಕಾಲಲ್ಲಿ ನಿಲ್ಲುವುದನ್ನು ಕಲಿಸುವ ಕೆಲಸ ನಮ್ಮ ನಮ್ಮ ಊರಿನ ಶಾಲೆಯದ್ದೇ, ನಮ್ಮ ಮನೆಯದ್ದೇ.

ಒಂದೊಂದೇ ಕೌಶಲ

ದೈಹಿಕ ಶಿಕ್ಷಣದವರು ಮಕ್ಕಳ ಮೂಲ ಚಲನೆಗಳನ್ನು ಮೂರು ಬಗೆಯಾಗಿ ನೋಡುತ್ತಾರೆ. ಓಡುವುದು, ನೆಗೆಯುವುದು, ಕುಂಟುವುದು, ಕುಪ್ಪಳಿಸುವುದು, ಅಡ್ಡಹೆಜ್ಜೆ ಹಾಕುವುದು ಒಂದು ಬಗೆ. ಎಸೆಯುವುದು, ಹಿಡಿಯುವುದು, ಒದೆಯುವುದು, ಪುಟಿಸುವುದು, ಹೊಡೆಯುವುದು ಇನ್ನೊಂದು. ನಿಂತಲ್ಲೇ ಸಮತೋಲನ ಕಾಯುವುದು, ಬಾಗುವುದು, ತಿರುಗುವುದು ಮೂರನೆಯದು. ಮುಂದೆ ಆಡುವ ಎಲ್ಲ ಆಟಗಳೂ ಇವುಗಳಿಂದಲೇ ಆದವು. ಥ್ರೋಬಾಲ್ ಎಂದರೆ ಹಿಡಿಯುವುದು ಮತ್ತು ಎಸೆಯುವುದು. ಖೋ-ಖೋ ಎಂದರೆ ಓಟ, ಥಟ್ಟನೆ ತಿರುಗುವುದು, ಬಾಗುವುದು.

ಅಮೆರಿಕದ ವರ್ನ್ ಸೀಫೆಲ್ಟ್ ಎಂಬ ವಿದ್ವಾಂಸರು 1980ರಲ್ಲಿ ಇದಕ್ಕೆ ಸಂಬಂಧಿಸಿ ಒಂದು ಮಾತು ಮುಂದಿಟ್ಟರು. ಮೂಲ ಚಲನೆಗಳಿಗೂ ದೊಡ್ಡ ಆಟಗಳಿಗೂ ನಡುವೆ ಒಂದು ತಡೆಗೋಡೆ ಇದೆ, ಮೂಲ ಚಲನೆಗಳಲ್ಲಿ ಕೈ ಪಳಗದ ಮಗು ಅದನ್ನು ದಾಟುವುದು ಕಷ್ಟ ಎಂದು. ಹತ್ತು ದಾಟಿದ ಮೇಲೆ ಕಲಿಯಲು ಆಗುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಆದರೆ ಆ ವಯಸ್ಸಿಗೆ ಮಗುವಿಗೆ ನಾಚಿಕೆ ಬಂದಿರುತ್ತದೆ. ಎಲ್ಲರೆದುರು ಚೆಂಡು ಕೈಬಿಟ್ಟು ನಗೆಪಾಟಲಾಗುವುದಕ್ಕಿಂತ ‘ನನಗೆ ಕಾಲುನೋವು’ ಎಂದು ಕೂರುವುದು ಸುಲಭ. ಒಂದು ಸಲ ಕೂತ ಮಗು ಮತ್ತೆ ಏಳುವುದು ಅಪರೂಪ.

ಎಸೆಯುವುದನ್ನೇ ತೆಗೆದುಕೊಳ್ಳೋಣ. ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಶಾಲೆಯ ನಾಲ್ಕನೇ ತರಗತಿಯ ಮಕ್ಕಳಿಗೆ ಬಟ್ಟೆ ಚೆಂಡು ಕೊಟ್ಟು ಗೋಡೆಗೆ ಎಸೆಯಲು ಹೇಳಿದ್ದೆ. ಹೆಚ್ಚಿನವರು ಗೋಡೆಗೆ ಎದೆಕೊಟ್ಟು ನಿಂತು, ಬಲಗೈಯಲ್ಲಿ ಎಸೆಯುವಾಗ ಬಲಗಾಲನ್ನೇ ಮುಂದಿಟ್ಟರು. ಹಾಗೆ ಎಸೆದರೆ ಮೈ ತಿರುಗುವುದಿಲ್ಲ, ಬರೀ ತೋಳಿನ ಬಲ. ಚೆಂಡು ಅರ್ಧಕ್ಕೇ ಬೀಳುತ್ತದೆ. ಒಬ್ಬ ಹುಡುಗಿ ‘ಸರ್, ನನ್ನ ಕೈಯಾಗ ಶಕ್ತಿ ಇಲ್ರಿ’ ಎಂದಳು. ಶಕ್ತಿಯ ಪ್ರಶ್ನೆಯೇ ಅಲ್ಲ. ಸೀಮೆಸುಣ್ಣದಿಂದ ನೆಲದ ಮೇಲೆ ಎರಡು ಪಾದ ಬರೆದು, ಗೋಡೆಗೆ ಅಡ್ಡವಾಗಿ ನಿಲ್ಲಿಸಿ, ‘ಎಡಗಾಲು ಮುಂದೆ ಇಟ್ಟು ಎಸಿ’ ಎಂದದ್ದಷ್ಟೆ. ನಾಲ್ಕನೆಯದೋ ಐದನೆಯದೋ ಎಸೆತಕ್ಕೆ ಚೆಂಡು ಗೋಡೆಗೆ ಬಡಿದ ಸದ್ದು ಬಂತು. ಆಮೇಲೆ ಅವಳನ್ನು ಅಲ್ಲಿಂದ ಕರೆದುಕೊಂಡು ಹೋಗುವುದೇ ಕಷ್ಟವಾಯಿತು.

ಬಲಗೈ ಮಗುವಿಗೆ ಎಡಗಾಲು, ಎಡಗೈ ಮಗುವಿಗೆ ಬಲಗಾಲು. ಮೊದಲು ಅಡ್ಡ ನಿಲ್ಲುವುದು, ಮೊಣಕೈ ಹಿಂದಕ್ಕೆ ಎತ್ತುವುದು, ಎದುರು ಕಾಲು ಮುಂದಿಡುವುದು, ಎಸೆದ ಕೈ ಮೈಯ ಆಚೆ ಬದಿಗೆ ಇಳಿಯುವವರೆಗೆ ಬಿಡುವುದು. ಒಂದೇ ದಿನ ನಾಲ್ಕನ್ನೂ ಹೇಳಿದರೆ ಮಗು ಗೊಂದಲಕ್ಕೆ ಬೀಳುತ್ತದೆ. ವಾರಕ್ಕೆ ಒಂದು ಸಾಕು. ಇನ್ನೊಂದು ಎಚ್ಚರ: ಶುರುವಿನಲ್ಲೇ ಗುರಿಗೆ ಹೊಡೆಯಲು ಹೇಳಬಾರದು. ಗುರಿ ತಪ್ಪೀತೆಂಬ ಹೆದರಿಕೆಯಲ್ಲಿ ಮಗು ಎಸೆಯುವ ಬದಲು ಭುಜದಿಂದ ತಳ್ಳುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಮೊದಲು ಜೋರಾಗಿ, ದೂರಕ್ಕೆ. ರೀತಿ ಬಂದ ಮೇಲೆ ಗುರಿ. ಲಗೋರಿಯ ಕಲ್ಲಿನ ಗುಡ್ಡೆಗೆ ಹೊಡೆಯುವ ಆಟ ಆಗ ಬರಲಿ.

ಹಿಡಿಯುವುದಕ್ಕೆ ಮಕ್ಕಳು ಹೆದರುತ್ತಾರೆ. ಚೆಂಡು ಬಂದಾಗ ಮುಖ ತಿರುಗಿಸಿ ಕಣ್ಣು ಮುಚ್ಚುತ್ತಾರೆ, ಎರಡೂ ತೋಳು ಚಾಚಿ ಎದೆಗೆ ಅವುಚಿಕೊಳ್ಳುತ್ತಾರೆ. ಆರು ವರ್ಷದ ಮಗು ಹಾಗೆ ಮಾಡುವುದು ಸಹಜ. ಅದನ್ನು ಬಿಡಿಸಲು ಗಟ್ಟಿ ಚೆಂಡು ಕೊಟ್ಟು ‘ಹೆದರಬೇಡ’ ಎಂದರೆ ಆಗದು. ನಿಧಾನವಾಗಿ ಬೀಳುವ ವಸ್ತುವಿನಿಂದ ಆರಂಭಿಸಬೇಕು. ತೆಳು ಕರವಸ್ತ್ರ, ಬಲೂನು, ಆಮೇಲೆ ಕಾಗದ ಉಂಡೆಕಟ್ಟಿ ಬಟ್ಟೆ ಸುತ್ತಿದ ಚೆಂಡು, ಆಮೇಲೆ ದೊಡ್ಡ ರಬ್ಬರ್ ಚೆಂಡನ್ನು ಒಮ್ಮೆ ಪುಟಿಸಿ, ಕಡೆಗೆ ಟೆನಿಸ್ ಚೆಂಡು. ಕಣ್ಣು ಚೆಂಡಿನ ಮೇಲೆ, ಕೈ ಚೆಂಡಿನ ಕಡೆಗೆ ಮುಂದೆ, ಹಿಡಿದ ಮೇಲೆ ಮೊಣಕೈ ಮಡಚಿ ಒಳಗೆ. ಚೆಂಡನ್ನು ನೋಡುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಒಂದು ಅಂಕಿ ಬರೆದು, ಹಿಡಿಯುವ ಮೊದಲು ಓದಿ ಹೇಳು ಎಂದರೆ ಸಾಕು.

ಕುಂಟುವುದಕ್ಕೆ ನಮ್ಮಲ್ಲಿ ಕುಂಟೆಬಿಲ್ಲೆಗಿಂತ ಒಳ್ಳೆಯ ಪಾಠ ಬೇಕಿಲ್ಲ. ತೊಡಕೆಂದರೆ ಮಕ್ಕಳು ಒಗ್ಗಿದ ಕಾಲಲ್ಲೇ ಕುಂಟುತ್ತಾರೆ. ಹೋಗುವಾಗ ಬಲಗಾಲು, ಬರುವಾಗ ಎಡಗಾಲು ಎಂದು ನಿಯಮ ಬದಲಿಸಿದರೆ ಎರಡೂ ಕಾಲು ಕಲಿಯುತ್ತವೆ. ಗಂಡುಹುಡುಗರು ಇದನ್ನು ಹೆಣ್ಣುಮಕ್ಕಳ ಆಟ ಎಂದು ಬಿಡುತ್ತಾರೆ. ಬಿಟ್ಟವರು ಮುಂದೆ ಉದ್ದಜಿಗಿತದಲ್ಲಿ ಒಂಟಿ ಕಾಲಲ್ಲಿ ನೆಗೆಯಲು ಪರದಾಡುವುದನ್ನು ನೋಡಿದ್ದೇನೆ.

ನೆಗೆತದಲ್ಲಿ ನೆಗೆಯುವುದಕ್ಕಿಂತ ಇಳಿಯುವುದನ್ನು ಮೊದಲು ಕಲಿಸಬೇಕು. ಬಯಲುಸೀಮೆಯ ಶಾಲೆಗಳ ನೆಲ ಗಟ್ಟಿ, ಗರಸು. ಕಾಲು ಸೆಟೆಸಿಕೊಂಡು ಧಡ್ ಎಂದು ಇಳಿದರೆ ಪೆಟ್ಟು ಮೊಣಕಾಲಿಗೆ, ಸೊಂಟಕ್ಕೆ. ‘ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿ’ ಎಂದರೆ ಮಗು ತಾನಾಗಿ ಮೊಣಕಾಲು ಮಡಚುತ್ತದೆ. ಓಟದಲ್ಲಿ ತಿದ್ದಬೇಕಾದದ್ದು ಕೈ: ಎದೆಗೆ ಅಡ್ಡವಾಗಿ ಬೀಸದೆ ಹಿಂದಕ್ಕೂ ಮುಂದಕ್ಕೂ ಬೀಸಬೇಕು. ಸರ್ಕಾರಿ ಶಾಲೆಗಳಲ್ಲಿ ಕೊಡುವ ಶೂಗಳು ಕೆಲವರಿಗೆ ದೊಡ್ಡದಾಗಿರುತ್ತವೆ. ಆಟದ ಹೊತ್ತಿಗೆ ಲೇಸು ಬಿಗಿದಿದೆಯೇ ಎಂದು ನೋಡುವುದೂ ಪಾಠದ ಭಾಗವೇ.

ನಲವತ್ತು ಮಕ್ಕಳು, ಒಂದು ಚೆಂಡು

ಆಟ ಆಡಿಸಿದರೆ ಸಾಲದೇ, ಪ್ರತ್ಯೇಕ ಯಾಕೆ ಕಲಿಸಬೇಕು ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. ಖೋ-ಖೋದಲ್ಲಿ ಬೆನ್ನಟ್ಟುವ ತಂಡದ ಒಂಬತ್ತು ಮಂದಿ, ತಪ್ಪಿಸಿಕೊಳ್ಳುವವರು ಒಮ್ಮೆಗೆ ಮೂವರು. ನಲವತ್ತು ಮಕ್ಕಳ ತರಗತಿಯಲ್ಲಿ ಯಾವ ಕ್ಷಣದಲ್ಲೂ ಓಡುತ್ತಿರುವವರು ನಾಲ್ವರು, ‘ಖೋ’ ಕೇಳಲು ಕುಳಿತವರು ಎಂಟು. ಉಳಿದ ಇಪ್ಪತ್ತೆಂಟು ಮಕ್ಕಳು ಪ್ರೇಕ್ಷಕರು. ಕಬಡ್ಡಿಯಲ್ಲೂ ಅಷ್ಟೆ, ಅಂಕಣದಲ್ಲಿ ಹದಿನಾಲ್ಕು ಮಂದಿ. ಔಟಾದವರು ಕೂರುವ ಆಟಗಳಲ್ಲಿ ಮೊದಲು ಔಟಾಗುವುದು ಯಾರು? ಬಾರದ ಮಗುವೇ. ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅತಿ ಕಡಿಮೆ ಸಿಗುತ್ತದೆ.

ಖೋ-ಖೋವನ್ನು ಬಿಡಬೇಕೆಂದಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಆಟ, ಹಳ್ಳಿಯ ಹುಡುಗಿ. ಆದರೆ ಏಳೆಂಟು ವರ್ಷದವರಿಗೆ ಐದು ಜನರ ಸಣ್ಣ ಸಣ್ಣ ಸಾಲು ಮಾಡಿ, ಮೈದಾನದಲ್ಲಿ ನಾಲ್ಕು ಕಡೆ ಏಕಕಾಲಕ್ಕೆ ಆಡಿಸಬೇಕು. ‘ಕೆರೆ-ದಡ’ದಂಥ ಆಟದಲ್ಲಿ ತಪ್ಪಿದವರನ್ನು ಹೊರಗೆ ಕೂರಿಸದೆ, ಐದು ಸಲ ನೆಗೆದು ಮತ್ತೆ ಸೇರಲು ಬಿಡಬೇಕು. ಎರಡು ತಂಡ ಮಾಡುವಾಗ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸುವ ಪದ್ಧತಿಯನ್ನು ಬಿಟ್ಟೇಬಿಡಬೇಕು. ಕಡೆಯಲ್ಲಿ ಉಳಿಯುವ ಮಗು ಪ್ರತಿ ಸಲವೂ ಅದೇ.

ತರಗತಿ ಶಿಕ್ಷಕಿಯೊಬ್ಬರೇ ನಲವತ್ತು ನಿಮಿಷದಲ್ಲಿ ಇದನ್ನು ನಡೆಸಬಲ್ಲರು. ಮೊದಲ ಐದು ನಿಮಿಷ ಎಲ್ಲರೂ ಓಡುವ ಮುಟ್ಟಾಟ. ಆಮೇಲೆ ಹತ್ತು ಹನ್ನೆರಡು ನಿಮಿಷ ಒಂದೇ ಕೌಶಲ, ಇಬ್ಬಿಬ್ಬರ ಜೋಡಿಯಲ್ಲಿ. ಉಳಿದ ಹೊತ್ತು ಅದೇ ಕೌಶಲ ಬಳಸುವ ಆಟ. ಎರಡು ಮೂರು ವಾರ ಆ ಕೌಶಲವನ್ನು ಬಿಡಬಾರದು. ಇದಕ್ಕೆ ಬೇಕಾಗುವುದು ಸೀಮೆಸುಣ್ಣ, ಹಳೆಯ ಸಾಕ್ಸ್‌ಗೆ ಚಿಂದಿಬಟ್ಟೆ ತುಂಬಿ ಹೊಲಿದ ಇಪ್ಪತ್ತು ಚೆಂಡು, ಹಗ್ಗ, ಒಂದು ಸೀಟಿ. ಚೆಂಡುಗಳನ್ನು ತಾಯಂದಿರು ಒಂದು ಭಾನುವಾರ ಕೂತು ಹೊಲಿದುಕೊಟ್ಟರೆ ಶಾಲೆಯ ಖರ್ಚು ಇಲ್ಲ.

ಈ ಸೀಮೆಗೆ ಹೇಳಲೇಬೇಕಾದದ್ದು ಬಿಸಿಲು. ಫೆಬ್ರವರಿ ಕಳೆದ ಮೇಲೆ ಹನ್ನೊಂದರಿಂದ ನಾಲ್ಕರವರೆಗೆ ಬಯಲಲ್ಲಿ ಆಡಿಸುವುದು ಬೇಡ. ಪಿ.ಟಿ. ಪೀರಿಯಡ್ ಯಾವಾಗಲೂ ಮಧ್ಯಾಹ್ನದ ಕೊನೆಗೇ ಇರಬೇಕೆಂಬ ಕಟ್ಟಳೆ ಇಲ್ಲ, ಬೆಳಗಿನ ಮೊದಲ ಅವಧಿಗೆ ತರಬಹುದು. ಆಟಕ್ಕೆ ಮುಂಚೆ, ನಡುವೆ, ಆಮೇಲೆ ನೀರು. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಗುಳೆ ಹೋಗುವ ಮನೆಗಳ ಮಕ್ಕಳು ತಿಂಗಳುಗಟ್ಟಲೆ ಶಾಲೆಯಲ್ಲಿ ಇರುವುದಿಲ್ಲ. ಮರಳಿ ಬಂದ ಮಗು ಗಣಿತದಲ್ಲಿ ಹಿಂದೆ ಬಿದ್ದಂತೆ ಆಟದಲ್ಲೂ ಹಿಂದೆ ಬಿದ್ದಿರುತ್ತದೆ. ಅದನ್ನು ಜೋಡಿಯಲ್ಲಿ ಕಲಿಸಲು ತಾಳ್ಮೆಯ ಸಹಪಾಠಿ ಸಾಕು.

ಫಿಟ್‌ನೆಸ್ ಎಂದರೆ ಮೈದಾನ ಸುತ್ತುವುದಲ್ಲ

ಖೇಲೋ ಇಂಡಿಯಾ ಯೋಜನೆಯಡಿ ಶಾಲಾ ಮಕ್ಕಳ ದೈಹಿಕ ಸಾಮರ್ಥ್ಯ ಅಳೆಯುವ ಪರೀಕ್ಷೆಗಳಿವೆ. ಅವನ್ನು ಗಮನಿಸಿದರೆ ವಯಸ್ಸಿಗೆ ತಕ್ಕ ಫಿಟ್‌ನೆಸ್ ಎಂದರೇನು ಎಂಬುದು ಸ್ಪಷ್ಟವಾಗುತ್ತದೆ. ಐದರಿಂದ ಎಂಟು ವರ್ಷದವರಿಗೆ, ಅಂದರೆ ಮೂರನೇ ತರಗತಿಯವರೆಗೆ, ಇರುವುದು ಮೂರೇ: ಎತ್ತರ-ತೂಕದ ಅನುಪಾತ, ಒಂಟಿ ಕಾಲಲ್ಲಿ ನಿಲ್ಲುವ ಫ್ಲೆಮಿಂಗೊ ಸಮತೋಲನ, ಕೈಚುರುಕು ನೋಡುವ ತಟ್ಟೆ ತಟ್ಟುವ ಪರೀಕ್ಷೆ. ಓಟವೇ ಇಲ್ಲ. 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದೆ ಬಾಗುವುದು, ಹೊಟ್ಟೆಯ ಸ್ನಾಯುಗಳ ವ್ಯಾಯಾಮ, ದಂಡ ಇವೆಲ್ಲ ಒಂಬತ್ತರ ನಂತರ.

ಫ್ಲೆಮಿಂಗೊ ಪರೀಕ್ಷೆಯಲ್ಲಿ ಮೂರು ಸೆಂಟಿಮೀಟರ್ ಅಗಲದ ಮರದ ಪಟ್ಟಿಯ ಮೇಲೆ ಮಗು ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಹಿಂದೆ ಮಡಚಿ ಹಿಡಿದುಕೊಳ್ಳುತ್ತದೆ. 60 ಸೆಕೆಂಡಿನಲ್ಲಿ ಎಷ್ಟು ಸಲ ತೋಲ ತಪ್ಪಿತು ಎಂಬುದೇ ಅಂಕ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮಕ್ಕೆ ಮಕ್ಕಳನ್ನು ಕರೆದೊಯ್ದರೆ, ಒಂಟಿ ಕಾಲಲ್ಲಿ ನಿಂತ ಕೊಕ್ಕರೆ ತೋರಿಸಿ ಬಂದ ಮೇಲೆ ಈ ಪಾಠ ಬಹಳ ಸುಲಭ. ಮನೆಯಲ್ಲಿ ಮರದ ಪಟ್ಟಿ ಬೇಡ, ನೆಲದ ಮೇಲೆಯೇ ನಿಂತು, ಹಲ್ಲು ಉಜ್ಜುವಾಗ ಅಭ್ಯಾಸ ಮಾಡಬಹುದು.

ಇಷ್ಟಿದ್ದರೂ ಕೆಲವೆಡೆ ಏಳು ವರ್ಷದವರನ್ನು ‘ಸ್ಟ್ಯಾಮಿನಾ ಬರಲಿ’ ಎಂದು ಮೈದಾನ ಸುತ್ತಿಸುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ ಹೋಂವರ್ಕ್ ಮಾಡದ್ದಕ್ಕೆ ಸುತ್ತಿಸುವುದು, ಬಸ್ಕಿ ಹೊಡೆಸುವುದು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ, ವ್ಯಾಯಾಮವನ್ನೇ ಶಿಕ್ಷೆಯಾಗಿ ಕೊಟ್ಟರೆ ಮಗು ಜೀವನವಿಡೀ ವ್ಯಾಯಾಮವನ್ನು ಶಿಕ್ಷೆ ಎಂದೇ ತಿಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು. ವಾರದಲ್ಲಿ ಕನಿಷ್ಠ ಮೂರು ದಿನ ಮೂಳೆ, ಸ್ನಾಯು ಬಲಪಡಿಸುವಂಥದ್ದು ಇರಬೇಕು. ಒಮ್ಮೆಗೇ ಆಗಬೇಕಿಲ್ಲ, ಹತ್ತು ಹತ್ತು ನಿಮಿಷ ಕೂಡಿಸಿದರೂ ಆಯಿತು. 2016ರ ಅಂಕಿಅಂಶಗಳ ಆಧಾರದ ಮೇಲೆ ಅದೇ ಸಂಸ್ಥೆಯ ತಜ್ಞರು ಪ್ರಕಟಿಸಿದ ಅಧ್ಯಯನದಂತೆ, ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 81 ಮಂದಿ ಇಷ್ಟನ್ನೂ ಮಾಡುತ್ತಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಈ ಪ್ರಮಾಣ ಸುಮಾರು 85. ಭಾರತದ ಸ್ಥಿತಿ ಸ್ವಲ್ಪ ಮೇಲು ಎಂದು ಬಂತು. ಕಾರಣ ಕೇಳಿದರೆ ನಗುವೂ ಬರುತ್ತದೆ, ಬೇಸರವೂ ಆಗುತ್ತದೆ: ಹುಡುಗರಿಗೆ ಕ್ರಿಕೆಟ್, ಹುಡುಗಿಯರಿಗೆ ಮನೆಗೆಲಸ ಇರಬಹುದು ಎಂದು ಅವರ ಊಹೆ. ಕಸ ಗುಡಿಸಿ ನೀರು ಹೊತ್ತರೆ ಮೈ ದಣಿಯುತ್ತದೆ, ಆಟ ಬರುವುದಿಲ್ಲ.

ಬೇಗ ಸುಸ್ತಾಗುವ ಮಗುವನ್ನು ಸೋಮಾರಿ ಎನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಅದೇ ಮಕ್ಕಳು ಈಗ ಪ್ರಾಥಮಿಕ ಶಾಲೆಯಲ್ಲಿದ್ದಾರೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಇದಕ್ಕಾಗಿಯೇ.

ಮನೆ, ಅಂಗಡಿ, ಸಂಜೆಯ ಹೊತ್ತು

ನಮ್ಮ ಬಹಳಷ್ಟು ಕುಟುಂಬಗಳು ಪೇಟೆಯಲ್ಲಿವೆ. ಕೆಳಗೆ ಅಂಗಡಿ, ಮೇಲೆ ಮನೆ, ಎದುರಿಗೆ ಲಾರಿ ಓಡಾಡುವ ರಸ್ತೆ. ಮಕ್ಕಳು ಹೋಗುವ ಖಾಸಗಿ ಶಾಲೆಯೂ ಅದೇ ಪೇಟೆಯಲ್ಲಿ ಮೂರಂತಸ್ತಿನ ಕಟ್ಟಡ. ಶಾಲೆ ಬಿಟ್ಟ ಕೂಡಲೇ ಟ್ಯೂಷನ್. ಸಂಜೆ ವ್ಯಾಪಾರದ ಹೊತ್ತಾದ್ದರಿಂದ ತಂದೆಗೆ ಪುರುಸೊತ್ತಿಲ್ಲ, ತಾಯಿ ಅಡುಗೆಮನೆಯಲ್ಲಿ. ಆದರೆ ಚೆಂಡು ಹಿಡಿಸಲು ಎಂಟು ಹೆಜ್ಜೆ ಜಾಗ ಸಾಕು. ಅಜ್ಜ ಕುರ್ಚಿಯಲ್ಲಿ ಕುಳಿತೇ ಎಸೆಯಬಹುದು, ಮೊಮ್ಮಗಳು ನಿಂತು ಹಿಡಿಯಬಹುದು. ಮಾಳಿಗೆಯ ಮೇಲೆ ಆಡಿಸುವವರು ಸುತ್ತಗೋಡೆಯ ಎತ್ತರ ನೋಡಿಕೊಳ್ಳಬೇಕು. ಭಾನುವಾರ ಪಾಠಶಾಲೆಗೆ ಮಕ್ಕಳು ಸೇರುವ ಊರುಗಳಲ್ಲಿ ಪಾಠಕ್ಕೆ ಮುಂಚೆ ಕಾಲು ಗಂಟೆ ಹೊರಗಿನ ಅಂಗಳದಲ್ಲಿ ಆಡಿಸಿದರೆ ಪಾಠಕ್ಕೂ ಒಳ್ಳೆಯದು, ಓಡಿ ಬಂದ ಮಕ್ಕಳು ಸುಮ್ಮನೆ ಕೂರುತ್ತಾರೆ.

ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಮನೆಗಳಲ್ಲಿ ಆಟದ ಹೊತ್ತನ್ನು ಸ್ವಲ್ಪ ಯೋಚಿಸಿ ಇಡಬೇಕಾಗುತ್ತದೆ. ಡಿಸೆಂಬರಿನಲ್ಲಿ ಈ ಭಾಗದಲ್ಲಿ ಆರರ ಆಸುಪಾಸಿಗೆ ಹೊತ್ತು ಮುಳುಗುತ್ತದೆ. ನಾಲ್ಕೂವರೆಗೆ ಶಾಲೆ ಬಿಟ್ಟರೆ ಊಟಕ್ಕೆ ಮುಂಚೆ ಒಂದು ಗಂಟೆಯೂ ಇಲ್ಲ. ಊಟವಾದ ತಕ್ಷಣ ಓಡಿಸಬಾರದು. ಆದ್ದರಿಂದ ಚಳಿಗಾಲದಲ್ಲಿ ಶಾಲೆಯಿಂದ ಬಂದ ಮೊದಲ ಅರ್ಧ ಗಂಟೆ ಆಟಕ್ಕೆ, ಟ್ಯೂಷನ್ ಊಟದ ನಂತರಕ್ಕೆ. ಬೇಸಿಗೆಯಲ್ಲಿ ಏಳರ ಹತ್ತಿರದವರೆಗೆ ಬೆಳಕಿರುವುದರಿಂದ ಸಮಸ್ಯೆ ಕಡಿಮೆ. ಮೊಟ್ಟೆ ತಿನ್ನದ ಮಕ್ಕಳಿಗೆ ಹೆಸರುಕಾಳು, ಕಡಲೆ, ತೊಗರಿಬೇಳೆ, ಹಾಲು ದಿನವೂ ಇರಲಿ. ಬಿಸ್ಕತ್ತು, ಕುರುಕಲು ತಿಂಡಿಯಿಂದ ಸ್ನಾಯು ಬೆಳೆಯುವುದಿಲ್ಲ.

ನಮ್ಮವರಲ್ಲಿ ಶಾಲೆ ನಡೆಸುವ ಟ್ರಸ್ಟಿಗಳೂ ಅನೇಕರಿದ್ದಾರೆ. ದೈಹಿಕ ಶಿಕ್ಷಕರನ್ನು ನೇಮಿಸಿಕೊಳ್ಳುವಾಗ ಅವರು ಗೆದ್ದ ಪದಕ ಎಷ್ಟು ಎಂದು ಕೇಳುವುದರ ಜೊತೆಗೆ, ಎರಡನೇ ತರಗತಿಯ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಿ ಎಂದು ಕೇಳಿ. ವರ್ಷಕ್ಕೆ ಎಷ್ಟು ಕಪ್ ಬಂತು ಎಂದು ಲೆಕ್ಕ ಇಡುವ ಶಾಲೆ, ಐದನೇ ತರಗತಿ ಮುಗಿಸುವ ಮಕ್ಕಳಲ್ಲಿ ಎಷ್ಟು ಮಂದಿಗೆ ಎಸೆಯಲು, ಹಿಡಿಯಲು ಬರುತ್ತದೆ ಎಂದೂ ಬರೆದಿಡಬಹುದು. ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆ ಇದನ್ನೂ ಕೇಳಿದರೆ ಶಾಲೆಯವರು ಬರೆದಿಡುತ್ತಾರೆ.

ಕಡೆಯದಾಗಿ ಒಂದು ವಿಷಯ, ಪ್ರತಿ ವರ್ಷ ಎದುರಾಗುವಂಥದ್ದು. ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಡೆಯುತ್ತವೆ. ದಶಲಕ್ಷಣ ಪರ್ವವೂ ಭಾದ್ರಪದದಲ್ಲಿ ಅದೇ ಸುಮಾರಿಗೆ ಬರುತ್ತದೆ. ಮಕ್ಕಳು ದೊಡ್ಡವರನ್ನು ನೋಡಿ ಉಪವಾಸ, ಏಕಭುಕ್ತ ಮಾಡುತ್ತೇವೆಂದು ಹಟ ಹಿಡಿಯುವುದುಂಟು. ಹಾಗೆ ಮಾಡಿದ ದಿನ ಮಗು ಓಟಕ್ಕೆ ಇಳಿಯಬಾರದು. ಹೆಸರು ಕೊಟ್ಟಾಗಿದೆ ಎಂಬ ಸಂಕೋಚಕ್ಕೆ ಮಗು ಅದನ್ನು ಶಿಕ್ಷಕರಿಗೆ ತಾನಾಗಿ ಹೇಳುವುದಿಲ್ಲ. ಪಂಚಾಂಗ ನೋಡಿ ಜುಲೈನಲ್ಲೇ ದಿನಾಂಕಗಳನ್ನು ಶಾಲೆಗೆ ತಿಳಿಸಿಬಿಡಿ. ಕೂಟದ ದಿನವೇ ಉಪವಾಸವಿದ್ದರೆ, ಬೆಳಿಗ್ಗೆ ಮಗುವನ್ನು ಬಿಡಲು ಹೋದವರು ಶಿಕ್ಷಕರನ್ನು ಕಂಡು ಹೇಳಿ ಬನ್ನಿ.